ಬಡ್ಡಿಯಿಲ್ಲದ ಸಾಲಕ್ಕೆ ಇಪ್ಪತ್ತೈದು ಗಂಟು

ಕೊಲ್ಲಿಯ ಮಂಜುಗಡ್ಡೆ ಒಡೆಯುವ ಹೊತ್ತಿಗೆ ಕೆನಡಾದ ನಮ್ಮ ಕೇಪ್ ಬ್ರೆಟನ್ ಕರಾವಳಿಯ ಮನೆಮನೆಯಲ್ಲೂ ಒಂದೇ ಮಾತು: ಈ ವರ್ಷ ಬೋನುಗಳಿಗೆ ದುಡ್ಡೆಲ್ಲಿಂದ? ದೊಡ್ಡ ಸಿಗಡಿಯಂಥ ಲಾಬ್‌ಸ್ಟರ್ ಹಿಡಿಯುವವರಿಗೆ ಬೋನಿಲ್ಲದಿದ್ದರೆ, ಬೇಟೆ ಶುರುವಾಗುವ ಮೇ ತಿಂಗಳು ಬಂದರೂ ಬಾರದ ಹಾಗೆ.

1935ರ ಏಪ್ರಿಲ್‌ನಲ್ಲಿ ಹೆಕ್ಟರನ ಮನೆಯಲ್ಲೂ ಇದೇ ಚಿಂತೆ. ಅವನ ಬೋನುಗಳನ್ನು ಬಿರುಗಾಳಿ ಪುಡಿಮಾಡಿತ್ತು. ಹೊಸದಕ್ಕೆ ನಲವತ್ತು ಡಾಲರ್ ಬೇಕು. ಮೀನಿನ ಗೋದಾಮಿನ ಯಜಮಾನ ಡಂಕನ್ ಪ್ರತಿ ವರ್ಷದಂತೆ ಕೊಡಲು ಸಿದ್ಧನಿದ್ದ. ಆದರೆ ಈ ಸಲ ದೋಣಿಯನ್ನೂ ಅಡವು ಬರೆದುಕೊಡಬೇಕಿತ್ತು. ಶನಿವಾರ ಸಂಜೆ ಸಹಿ.

ಶುಕ್ರವಾರ ಶಾಲೆ ಬಿಟ್ಟ ಮೇಲೆ ಟೀಚರ್ ಮಾರ್ಸೆಲ್ಲ ಬಂದಳು. ಅವಳು ಹೆಕ್ಟರನ ಹೆಂಡತಿ ಎಫಿಯ ಅಕ್ಕನ ಮಗಳು. ಹಳ್ಳಿಯವರು ಸೇರಿ ಕಟ್ಟಿಕೊಂಡ ಪತ್ತಿನ ಸಂಘದ ಕಾರ್ಯದರ್ಶಿಯೂ ಹೌದು.

"ಚಿಕ್ಕಮ್ಮ, ನಮ್ಮ ಸಂಘದಿಂದ ತಗೊಳ್ಳಿ. ದೋಣಿ ಕೇಳಲ್ಲ. ಬಡ್ಡಿ ತಿಂಗಳಿಗೆ ನೂರಕ್ಕೆ ಒಂದು."

ಎಫಿ ಕೆಟಲನ್ನು ಒಲೆಯ ಮೇಲೆ ಕುಕ್ಕಿದಳು. "ಬಡ್ಡಿ ಅನ್ನೋ ಮಾತು ಈ ಅಡುಗೆಮನೇಲಿ ಬೇಡ. ಬಡವರ ಹತ್ರ ಬಡ್ಡಿ ತಗೋಬೇಡಿ ಅಂತ ಬೈಬಲ್ಲಿನ ವಿಮೋಚನಕಾಂಡದಲ್ಲೇ ಇದೆ. ಬಡ್ಡಿ ತಿಂದವನಿಗೆ ಚರ್ಚಿನ ಗುರುಗಳ ಮುಂದೆ ಪಾಪನಿವೇದನೆ ಮಾಡಿದ್ರೂ ಕ್ಷಮೆ ಇಲ್ಲ ಅಂತಿದ್ರು ನಮ್ಮಜ್ಜಿ. ಡಂಕನ್ ಒಂದು ಸೆಂಟ್ ಬಡ್ಡಿ ಮುಟ್ಟಿದವನಲ್ಲ. ಚರ್ಚಲ್ಲಿ ಬಾಡಿಗೆ ಕಟ್ಟಿ ಹಿಡಿಯೋ ಮುಂದಿನ ಬೆಂಚೂ ಅವನದೇ."

"ಆ ಬೆಂಚಿನ ಬಾಡಿಗೆ ಯಾರ ದುಡ್ಡಲ್ಲಿ ಕಟ್ತಾನೋ," ಎಂದ ಹೆಕ್ಟರ್, ಬೂಟಿಗೆ ಗ್ರೀಸ್ ಹಚ್ಚುತ್ತ.

"ನೀನು ಸುಮ್ನಿರು. ಬಡ್ಡಿ ಕೊಟ್ಟು ಊರನ್ನೆಲ್ಲ ಪಾಪಕ್ಕೆ ತಳ್ಳೋದು ನನ್ನಿಂದಾಗಲ್ಲ."

ಮಾರ್ಸೆಲ್ಲ ವಾದಕ್ಕೆ ಹೋಗಲಿಲ್ಲ. ಒಲೆಯ ಪಕ್ಕದ ಮೊಳೆಯಲ್ಲಿ ಹೋದ ವರ್ಷದ ದಾರ ನೇತಾಡುತ್ತಿತ್ತು. ಡಂಕನನಿಗೆ ಹಾಕಿದ ನೂರು ಪೌಂಡ್ ಲಾಬ್‌ಸ್ಟರಿನ ಪ್ರತಿ ಪೆಟ್ಟಿಗೆಗೂ ಎಫಿ ಅದರಲ್ಲಿ ಒಂದು ಗಂಟು ಹಾಕುತ್ತಿದ್ದಳು, ತೂಕ ತಪ್ಪದಿರಲಿ ಎಂದು.

"ತೂಕದಲ್ಲಿ ಮೋಸ ಆಯ್ತಾ ಚಿಕ್ಕಮ್ಮ?"

"ಒಂದು ದಿನವೂ ಇಲ್ಲ."

"ಪೌಂಡಿಗೆ ಎಷ್ಟು ಕೊಟ್ಟ?"

"ಮೂರು ಸೆಂಟ್."

"ಪಕ್ಕದ ಬಂದರಿನಲ್ಲಿ ರೋರಿ ಮಾವನಿಗೆ?"

"ಐದು. ನಮ್ಮಣ್ಣ ಯಾರಿಗೂ ಸಾಲಗಾರನಲ್ಲ, ಎಲ್ಲಿ ಬೇಕಾದ್ರೂ ಮಾರ್ತಾನೆ. ನಾವು ಡಂಕನ್‌ಗೇ ಹಾಕ್ಬೇಕು, ಸಾಲದ ಕಾಗದದಲ್ಲೇ ಹಾಗೆ..." ಎಫಿ ಮೊಳೆಯ ಕಡೆ ತಿರುಗಿದಳು.

"ಹಾಗಾದ್ರೆ ಒಂದು ಗಂಟಿಗೆ ಎಷ್ಟು ಹೋಯ್ತು?"

"ಎರಡು ಡಾಲರ್."

ಎಫಿ ದಾರವನ್ನು ಕೈಗೆ ತೆಗೆದುಕೊಂಡಳು. ಜಪಸರದ ಮಣಿ ಸರಿಸುವ ಹಾಗೆ ಒಂದೊಂದೇ ಗಂಟು ಸರಿಸಿದಳು. ಎರಡು, ನಾಲ್ಕು, ಆರು. ತುಟಿ ಮಾತ್ರ ಅಲುಗುತ್ತಿತ್ತು. ಇಪ್ಪತ್ತೈದನೆಯ ಗಂಟಿಗೆ ಬೆರಳು ನಿಂತಿತು.

"ಐವತ್ತು," ಎಂದಳು. "ಹೋದ ವರ್ಷದ ನಲವತ್ತು ಡಾಲರ್ ಸಾಲಕ್ಕೆ ಐವತ್ತು. ಅದೂ ಅಸಲು ಬಿಟ್ಟು."

"ಸಂಘಕ್ಕೆ ತಿಂಗಳಿಗೆ ಎಂಟೆಂಟು ಡಾಲರ್ ಕಟ್ಟಿ ಐದು ತಿಂಗಳಲ್ಲಿ ತೀರಿಸಿದ್ರೆ, ಉಳಿದ ಸಾಲಕ್ಕೆ ಮಾತ್ರ ಬಡ್ಡಿ. ಒಟ್ಟು ಒಂದು ಡಾಲರ್ ಇಪ್ಪತ್ತು ಸೆಂಟ್."

"ಆದ್ರೂ ಅದು ಬಡ್ಡಿಯೇ ಅಲ್ವೇನೇ? ಅಜ್ಜಿ ಹೇಳಿದ್ದು ಸುಳ್ಳಾ?"

"ಸುಳ್ಳಲ್ಲ. ಹಿಂದೆ ಧರ್ಮಸಭೆ ಎಲ್ಲಾ ಬಡ್ಡಿಯನ್ನೂ ಪಾಪ ಅಂತಿತ್ತು. ಹಸಿದವನಿಗೆ ಒಂದು ರೊಟ್ಟಿ ಕೊಟ್ಟು ಒಂದೂವರೆ ವಾಪಸ್ ಕೇಳೋದು ಇವತ್ತೂ ಪಾಪವೇ, ಅದನ್ನ ಬಡ್ಡಿ ಅಂತ ಕರೀಲಿ ಬಿಡಲಿ. ಸಾಲ ಕೊಡೋರಿಗೆ ನಿಜವಾಗಿ ತಗಲೋ ಖರ್ಚು, ನಷ್ಟ ಕೇಳಿದ್ರೆ ತಪ್ಪಲ್ಲ ಅಂತಾರೆ ಗುರುಗಳು."

"ಈ ಒಂದು ಡಾಲರ್ ಇಪ್ಪತ್ತು ಸೆಂಟ್ ಯಾರ ಹೊಟ್ಟೆಗೆ?"

"ದೀಪದ ಎಣ್ಣೆ, ಲೆಕ್ಕದ ಪುಸ್ತಕ. ಯಾರಾದ್ರೂ ಸಮುದ್ರದಲ್ಲಿ ತೀರಿಹೋದ್ರೆ ಅವರ ಸಾಲ ತುಂಬೋಕೆ. ಉಳಿದದ್ದು ವರ್ಷದ ಕೊನೆಗೆ ಸದಸ್ಯರಿಗೆ. ನಿಮಗೂ."

"ನನ್ನ ಬಡ್ಡಿ ನಂಗೇ ವಾಪಸ್ಸಾ?" ಎಫಿಗೆ ನಗು ಬಂತು. "ಅಜ್ಜಿಗೆ ಇದನ್ನ ಹೇಳಿದ್ರೆ ನನ್ನನ್ನೇ ಅನುಮಾನಿಸ್ತಿದ್ರು. ಇರು, ಗುರುಗಳನ್ನ ನಾನೇ ಕೇಳ್ತೀನಿ."

ಶನಿವಾರ ಪಾಪನಿವೇದನೆಗೆ ಹೋದವಳು ಬೇಗನೆ ಹಿಂತಿರುಗಿದಳು. ಹೆಕ್ಟರ್ ಬಾಗಿಲಲ್ಲೇ ಕಾಯುತ್ತಿದ್ದ.

"ಏನಂದ್ರು?"

"ನಿನ್ನಂಥ ಗಂಡನ್ನ ಸಹಿಸಿಕೊಂಡಿದ್ದಕ್ಕೇ ಅರ್ಧ ಪಾಪ ಕಳೀತಂತೆ. ಸಂಘದ ಸಾಲ ಪಾಪವಲ್ಲ, ಹೋಗಿ ಬೋನು ಕಟ್ಟಿ ಅಂದ್ರು."

ಹೆಕ್ಟರ್ ದೋಣಿಯ ಕಡೆ ನೋಡಿ ದೀರ್ಘವಾಗಿ ಉಸಿರು ಬಿಟ್ಟ. ಆ ಸಂಜೆ ಅವನು ಸಹಿ ಹಾಕಿದ್ದು ಮಾರ್ಸೆಲ್ಲಳ ಪುಸ್ತಕದಲ್ಲಿ. ಡಂಕನ್ ಈಗಲೂ ಮುಂದಿನ ಬೆಂಚಿನಲ್ಲೇ ಕೂರುತ್ತಾನೆ. ಆದರೆ ಮೇ ತಿಂಗಳಲ್ಲಿ ಅವನೇ, ಈಗ ಯಾರಿಗೆ ಬೇಕಾದರೂ ಮಾರಬಲ್ಲ ಹೆಕ್ಟರನ ಹತ್ತಿರ ಬಂದು, ಪೌಂಡಿಗೆ ನಾಲ್ಕೂವರೆ ಸೆಂಟ್ ಕೊಡುತ್ತೇನೆ ಎಂದ.

ನಿಮ್ಮ ಮನೆಗೂ ಬಡ್ಡಿಯಿಲ್ಲದ ಸಾಲ ಬಂದಿರಬಹುದು. ಸಹಿ ಹಾಕುವ ಮೊದಲು ಒಂದು ದಾರ ತೆಗೆದುಕೊಳ್ಳಿ. ಮಾರುವಾಗ ಎಷ್ಟು ಕಡಿಮೆ ಸಿಗುತ್ತದೆ, ಕೊಳ್ಳುವಾಗ ಎಷ್ಟು ಹೆಚ್ಚು ಕೊಡುತ್ತೀರಿ, ಒಂದೊಂದಕ್ಕೂ ಗಂಟು ಹಾಕಿ. ಸಂಘದ ಬಡ್ಡಿಯೂ ಯಾರ ಕೈಗೆ ಹೋಗುತ್ತದೆಂದು ಧೈರ್ಯವಾಗಿ ಕೇಳಿ. ಪಕ್ಕದ ಮನೆಯವರು ಹಸಿದು ಬಂದರೆ ಮಾತ್ರ ದಾರವನ್ನು ಮೊಳೆಗೇ ಬಿಟ್ಟು, ರೊಟ್ಟಿ ಕೊಟ್ಟು ಕಳಿಸಿ.