ಒಂದು ಲಕ್ಷ ನಲವತ್ತೆರಡು ಸಾವಿರದ ಎಂಟುನೂರ ಐವತ್ತೇಳು

ಗಣಿತದ ಮೇಡಂ ಚೀಲದಿಂದ ಮರದ ಚಕ್ರವನ್ನು ತೆಗೆದು ಮೇಜಿನ ಮೇಲಿಟ್ಟಳು. ಅದರ ಮೇಲಿನ ಅಂಕಿಗಳನ್ನು ಒಮ್ಮೆ ನೋಡಿದಳು, ನಂಬಲಾಗದೆ ಮತ್ತೊಮ್ಮೆ ನೋಡಿದಳು.

ಅವತ್ತಿನ ಪಾಠ ಅಂತಿಂಥದ್ದಲ್ಲ. ಹಿಂದಿನ ಬೆಂಚಿನಲ್ಲಿ ಇನ್‌ಸ್ಪೆಕ್ಟರು ಕೂತಿದ್ದರು. ಅವರು ಮೆಚ್ಚಿದರೆ ಕೆಲಸ ಕಾಯಂ, ಇಲ್ಲದಿದ್ದರೆ ಗಂಟುಮೂಟೆ ಕಟ್ಟುವುದೇ. ಅದಕ್ಕೆಂದೇ ಅವಳು 142857 ಎಂಬ ಚೆಲುವಾದ ಸಂಖ್ಯೆಯನ್ನು ಆರಿಸಿಕೊಂಡಿದ್ದಳು. ಎರಡರಿಂದ ಆರರವರೆಗೆ ಯಾವುದರಿಂದ ಗುಣಿಸಿದರೂ ಅವೇ ಅಂಕಿಗಳು ಅದೇ ಸರದಿಯಲ್ಲಿ ಸುತ್ತುತ್ತವೆ; ಶುರುವಾಗುವ ಜಾಗ ಮಾತ್ರ ಬೇರೆ. ಚಕ್ರದ ಅಂಚಿಗೆ ಅಂಕಿಗಳನ್ನು ಕೂರಿಸಿ ತಿರುಗಿಸಿದರೆ ಉತ್ತರ ತಾನಾಗಿ ಬರುತ್ತದೆ. ಅಂಥದೊಂದು ಚಕ್ರ ಮಾಡಿಕೊಡೆಂದು ಬಡಗಿಯಾದ ತನ್ನ ಅಪ್ಪನಿಗೆ ಸಂಖ್ಯೆ ಬರೆದುಕೊಟ್ಟಿದ್ದಳು. ಬೆಳಿಗ್ಗೆ ಅವಸರದಲ್ಲಿ ಚೀಲವನ್ನು ಬಿಚ್ಚಿಯೂ ನೋಡಿರಲಿಲ್ಲ.

ಚಕ್ರದ ಮೇಲೆ 124578 ಎಂದಿತ್ತು! ಉಳಿಗಳನ್ನೂ ಎತ್ತರದ ಪ್ರಕಾರ ನಿಲ್ಲಿಸುವ ಅಪ್ಪ, ಅಂಕಿಗಳನ್ನೂ ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಅಂಟಿಸಿಬಿಟ್ಟಿದ್ದ. ಅದೂ ಆನೆ ಎಳೆದರೂ ಕಿತ್ತುಬರದ ಹಾಗೆ.

“ಶುರು ಮಾಡಿ ಮೇಡಂ” ಎಂದರು ಇನ್‌ಸ್ಪೆಕ್ಟರು.

ಜಟ್ಟಿ ಜಾರಿ ಬಿದ್ದರೆ ಅದೂ ಒಂದು ಪಟ್ಟು. ಮೇಡಂ ಚಕ್ರವನ್ನು ಎತ್ತಿ ಹಿಡಿದಳು. “ಮಕ್ಕಳೇ, ಈ ಅಂಕಿಗಳು ತಪ್ಪು ಜಾಗದಲ್ಲಿ ನಿಂತಿವೆ. ಸರಿಯಾಗಿ ನಿಲ್ಲಿಸಿದ್ರೆ, ಆರರವರೆಗೆ ಯಾವುದ್ರಿಂದ ಗುಣಿಸಿದ್ರೂ ಇವೇ ಆರು ಅಂಕಿ ಬರ್ತವೆ. ಹುಡುಕೋಣ್ವಾ?”

ಆರು ಹಾಳೆಗಳ ಮೇಲೆ ಆರು ಅಂಕಿ ಬರೆದಳು. ಐದು ಹಾಳೆಗಳನ್ನು ಮಕ್ಕಳು ಕಿತ್ತುಕೊಂಡರು. ಉಳಿದ ಏಳರ ಹಾಳೆಯನ್ನು, ಧೈರ್ಯ ಮಾಡಿ, ಇನ್‌ಸ್ಪೆಕ್ಟರ ಕೈಗೇ ಕೊಟ್ಟಳು.

ಮುಂದಿನ ಬೆಂಚಿನ ಹುಡುಗಿಗೆ ಎಲ್ಲರೂ ಮೆಣಸಿನಕಾಯಿ ಎನ್ನುತ್ತಿದ್ದರು. ಅವಳು ಎದ್ದು ನಿಂತಳು. “ಆರರಿಂದ ಗುಣಿಸಿದ್ರೂ ಆರೇ ಅಂಕಿ ಇರ್ಬೇಕು. ಎರಡು ಮೊದ್ಲಿದ್ರೂ ಏಳು ಅಂಕಿ ಆಗ್ಬಿಡತ್ತೆ. ಹಾಗಾದ್ರೆ ಒಂದೇ ಮೊದ್ಲು! ಕೊನೇಲಿ ಐದಿದ್ರೆ, ಎರಡರಿಂದ ಗುಣಿಸಿದಾಗ ಸೊನ್ನೆ ಬರತ್ತೆ. ಎರಡು, ನಾಲ್ಕು, ಎಂಟು ಇದ್ರೆ, ಐದರಿಂದ ಗುಣಿಸಿದಾಗ ಸೊನ್ನೆ. ನಮ್ಮಲ್ಲಿ ಸೊನ್ನೇನೇ ಇಲ್ವಲ್ಲ! ಉಳಿದಿದ್ದು ಏಳು. ಸಾರ್, ನೀವೇ ಕೊನೇಗೆ ಹೋಗಿ!”

ಇನ್‌ಸ್ಪೆಕ್ಟರು ತೆಪ್ಪಗೆ ಹೋಗಿ ಕೊನೆಯಲ್ಲಿ ನಿಂತರು.

ನಡುವಿನ ನಾಲ್ವರನ್ನು ಎಳೆದಾಡಿದ್ದೇ ಎಳೆದಾಡಿದ್ದು. ಬೋರ್ಡು ತುಂಬಿತು, ಅಳಿಸಿದರು, ಮತ್ತೆ ತುಂಬಿತು. ಕೊನೆಗೆ 142857 ಸಿಕ್ಕಿತು. ಆರೂ ಜನ ಕೈ ಹಿಡಿದು ದುಂಡಗೆ ನಿಂತರು. ಮೂರರಿಂದ ಗುಣಿಸಿದರೆ ನಾಲ್ಕು ಮುಂದೆ ಬಂದು 428571. ಐದರಿಂದ ಗುಣಿಸಿದಾಗ ಇನ್‌ಸ್ಪೆಕ್ಟರೇ ಮುಂದೆ, 714285!

“ಏಳರಿಂದ ಗುಣಿಸಿದ್ರೆ?” ಎಂದು ಅವರೇ ಕೇಳಿದರು. ಮಕ್ಕಳು ಗುಣಿಸಿದರು. 999999. ಸೂರು ಹಾರಿಹೋಗುವಷ್ಟು ಗಲಾಟೆಯಾಯಿತು.

ಬಾಗಿಲಲ್ಲಿ ಇನ್‌ಸ್ಪೆಕ್ಟರು ಹೇಳಿದರು, “ನಿಮ್ಮ ಕೆಲಸ ಕಾಯಂ ಮೇಡಂ. ಈ ಹಾಳೆ ನಾನೇ ಇಟ್ಕೋತೀನಿ.”

ಗೇಟಿನ ಹೊರಗೆ ಅಪ್ಪ ಕೆಲಸ ಬಿಟ್ಟು ಬಂದು ಕಾಯುತ್ತಿದ್ದ. ಚೆನ್ನಾಗಿ ತರಾಟೆಗೆ ತೆಗೆದುಕೊಳ್ಳಬೇಕೆಂದೇ ಅವಳು ಹೊರಟಿದ್ದಳು. ಅಷ್ಟರಲ್ಲಿ ಅವನೇ ಅವಳನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿದ.

“ನೀನು ಬರೆದುಕೊಟ್ಟಿದ್ದು ಹಿಂದುಮುಂದಾಗಿತ್ತು ಕಣಮ್ಮ. ಗಡಿಬಿಡೀಲಿ ತಪ್ಪು ಮಾಡಿದ್ದೀಯ ಅಂತ ನಾನೇ ಸರಿ ಮಾಡ್ದೆ. ಯಾರಿಗೂ ಹೇಳಿಲ್ಲ, ನಿಮ್ಮಮ್ಮನಿಗೂ.”

ಅವಳಿಗೆ ಬೈಗುಳವೆಲ್ಲ ಮರೆತೇಹೋಯಿತು. ಅಪ್ಪನ ಮೇಲೆ ಅವಳಿಗೆ ಹೇಳಲಾರದಷ್ಟು ಪ್ರೀತಿ ಬಂತು.

“ಒಳ್ಳೇದೇ ಮಾಡ್ದೆ ಅಪ್ಪ. ಅದರಿಂದ್ಲೇ ನನ್ನ ಕೆಲಸ ಉಳೀತು” ಎಂದಳು. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.