ಅಗಳಿ

ಪರದೆಯ ಮೇಲೆ ಹಸಿರು ಗೆರೆ ಮಿನುಗುತ್ತಲೇ ಇತ್ತು, ಉತ್ತರ ಬರಲಿಲ್ಲ. ಗಾಡಿಗೆ ಹೊತ್ತಾಯಿತೆಂದು ಶಾರವ್ವ ಕಂಪ್ಯೂಟರ್ ಆರಿಸಿ ಎದ್ದಳು. ಎಂಬತ್ತೆಂಟರಲ್ಲಿ ಹುಬ್ಬಳ್ಳಿಯ ಆ ಹತ್ತಿ ಕಚೇರಿಗೆ ಬಂದ ಯಂತ್ರ ಅದು. ದಿನವಿಡೀ ಅದರ ಮುಂದೆ ಕೂತವಳಿಗೆ ಮಾತಾಡಲು ಮತ್ತೊಂದು ಜೀವ ಇರಲಿಲ್ಲ.

ಯಲವಿಗಿಯಲ್ಲಿ ಇಳಿದು ಮನೆಗೆ ಬಂದಾಗ ಬಾಗಿಲು ಎಂದಿನಂತೆ ಅಗಳಿಯಿಲ್ಲದೆ ಬರೀ ಮುಚ್ಚಿತ್ತು. ಅವಳು ಸಣ್ಣವಳಿದ್ದಾಗ ಅಪ್ಪ ಫಕ್ಕೀರಪ್ಪ ಇದೇ ಸ್ಟೇಶನ್ನಿನಲ್ಲಿ ಗಾಡಿ ಹತ್ತಿದವನು ತಿರುಗಿ ಬಂದಿಲ್ಲ. ಸತ್ತ ಸುದ್ದಿಯೂ ಇಲ್ಲ. ಅಂದಿನಿಂದ ಅವ್ವ ಶಿವಬಸವ್ವ ಬಾಗಿಲಿಗೆ ಅಗಳಿ ಹಾಕಿಲ್ಲ. ಸಂಜೆಯ ಮೊದಲ ರೊಟ್ಟಿ ಅವನ ಪಾಲಿಗೆ ಬುಟ್ಟಿ ಸೇರುತ್ತದೆ, ಬೆಳಿಗ್ಗೆ ಎಮ್ಮೆಯ ಬಾಯಿ ಸೇರುತ್ತದೆ. ಅವನ ಬಗ್ಗೆ ಅವ್ವ ಒಂದು ಮಾತು ಆಡಿದ್ದಿಲ್ಲ, ಒಂದು ಹನಿ ಕಣ್ಣೀರು ಹಾಕಿದ್ದಿಲ್ಲ.

ನಾಳೆ ಹಾನಗಲ್ಲಿನಿಂದ ಗಂಡಿನವರು ಬರುವವರಿದ್ದರು. ಅಪ್ಪ ಇದ್ದಾನೋ ಇಲ್ಲವೋ, ತಾಯಿಯೇ ಬಾಯಿಬಿಟ್ಟು ಹೇಳಲಿ, ಇಲ್ಲದಿದ್ದರೆ ಈ ಸಂಬಂಧ ಬೇಡ ಎಂದಿದ್ದರು.

"ನಾಳೆ ಏನ್ ಹೇಳ್ತಿ, ಅವ್ವ?"

ರೊಟ್ಟಿ ಬಡಿಯುತ್ತಲೇ ಅವ್ವ ಮಾತು ಮರೆಸಿದಳು. "ನಿನ್ನ ಮಷೀನ ಇವತ್ತರ ಬಾಯಿ ಬಿಡ್ತೇನ?"

"ಎಲ್ಲೀದು. ನಿನ್ನ ಹೊಟ್ಯಾಗ ಹುಟ್ಟಿದಂಗ ಐತಿ."

"ನನ್ನ ಹೊಟ್ಯಾಗ ಹುಟ್ಟಿದ್ದು ಮೂರು ಹೊತ್ತೂ ವಟವಟ ಅಂತೈತಿ."

ಶಾರವ್ವ ನಕ್ಕಳು. "ಮಷೀನಿನೊಳಗ ಒಂದು ಕೆಲಸ ಇನ್ನೊಂದನ್ನ ಹಡೀತೈತವ್ವ. ತಾಯಿ ಒಂದು ಕೊಳವ್ಯಾಗ ರೈತರ ಹೆಸರು ಹಾಕ್ತೈತಿ. ಮಗು ಅವನ್ನ ಸಾಲಾಗಿ ಹೊಂದಿಸಿ ಇನ್ನೊಂದು ಕೊಳವ್ಯಾಗ ತಿರುಗಿ ಕೊಡಬೇಕು. ಹೆಸರೆಲ್ಲಾ ಹೋಗ್ಯಾವು, ಮಗು ತುಟಿ ಪಿಟಕ್ಕನ್ನವಲ್ದು."

"ಯಾಕಂತ?"

"ಇನ್ನೂ ಬರೋದೈತಿ ಅಂತ ಕಾಯಾಕತ್ತೈತಿ. ಮುಗೀತು ಅಂತ ಗೊತ್ತಾದ್ರ ಹೊಂದಿಸ್ತೈತಿ. ಅದಕ್ಕ ಕೊಳವಿ ಬಾಯಿ ಮುಚ್ಚಬೇಕು. ತಾಯಿ ಕಡೆ ನಾ ಮುಚ್ಚೇನಿ, ಆದ್ರ..." ಅವಳು ತಟ್ಟನೆ ನಿಂತಳು. "ಅಯ್ಯ! ತಾಯಿ ಕೈಯಾಗ ಇದ್ದದ್ದೆಲ್ಲಾ ಹುಟ್ಟುವಾಗ ಮಗು ಕೈಗೂ ಬಂದಿರತೈತಿ. ಅದೇ ಕೊಳವಿ ಬಾಯಿ ಮಗೂನೂ ಹಿಡಕೊಂಡೈತಿ. ತಾನ ತೆರದಿಟ್ಟಕೊಂಡು, ತಾನ ಕಾಯಾಕತ್ತೈತಿ!"

ಬಡಿಯುವ ಸದ್ದು ನಿಂತಿತ್ತು. ಅವ್ವನ ಅಂಗೈ ಹಿಟ್ಟಿನ ಮೇಲೆ ಹಾಗೇ ಇತ್ತು. ಹೆಂಚಿನ ಮೇಲಿನ ರೊಟ್ಟಿ ಸೀಯುವ ವಾಸನೆ ಬಂದು ಶಾರವ್ವನೇ ಅದನ್ನು ತೆಗೆದಳು.

ಅವ್ವ ಕೈ ತೊಳೆದಳು. ಕುಸುಬಿ ಎಣ್ಣೆಯ ಬಟ್ಟಲು ಹಿಡಿದು ಬಾಗಿಲಿಗೆ ಹೋಗಿ, ತುಕ್ಕು ಹಿಡಿದ ಅಗಳಿಗೆ ಬೆರಳಿಂದ ಸವರಿದಳು. ತಳ್ಳಿದಳು. ಜಗ್ಗಲಿಲ್ಲ.

"ಬಾ ಇಲ್ಲೆ. ಒಬ್ಬಾಕಿ ಕೈಲೆ ಆಗೂದಿಲ್ಲ."

ಇಬ್ಬರೂ ತಳ್ಳಿದರು. ಕಿರ್ರೆಂದು ಒಳಗೆ ಸೇರಿತು.

ಅವ್ವ ಬುಟ್ಟಿಯಿಂದ ಆ ಮೊದಲ ರೊಟ್ಟಿ ತೆಗೆದು ಮುರಿದು, ಅರ್ಧ ಮಗಳ ಕೈಗಿಟ್ಟಳು. ಉಳಿದರ್ಧ ಬಾಯಿಗಿಟ್ಟು ಬಹಳ ಹೊತ್ತು ಅಗಿದಳು.

"ನಿಮ್ಮಪ್ಪ ನನ್ನ ನೋಡಾಕ ಬಂದಾಗ," ಅಂದಳು, "ಮೊಳಕಾಲತನಾ ಕೆಸರಿತ್ತು..."

ಅಲ್ಲಿಂದ ಮಾತುಗಳು ಒಂದೊಂದಾಗಿ ಬಂದವು. ಹೊರಗೆ ಸ್ಟೇಶನ್ನಿನಲ್ಲಿ ಹರಿಹರದ ಕಡೆಯ ಗಾಡಿ ಬಂದು ನಿಂತಿತು, ಹೋಯಿತು. ಅವ್ವ ಬಾಗಿಲ ಕಡೆ ತಿರುಗಲಿಲ್ಲ.