ಹುಳದ ಮನೆಯ ಹೊಸ್ತಿಲು

ಬಚ್ಚಲಿನಲ್ಲಿ ಸೀರೆಯ ಮೇಲೆ ರಕ್ತದ ಕಲೆ ಕಂಡದ್ದೇ ತಡ, ಕೋಮಲ ಬೆರಳು ಮಡಚಿ ದಿನ ಎಣಿಸಿದಳು. ಬಸಿರು ನಿಂತಿದೆ ಎಂದು ಮೈಸೂರಿನ ಡಾಕ್ಟರು ಹೇಳಿ ಇನ್ನೂ ತಿಂಗಳಾಗಿಲ್ಲ. ಅಷ್ಟರಲ್ಲೇ ಹೀಗಾ, ಶಿವನೇ?

ಆ ಬಸಿರಾದರೂ ಸುಮ್ಮನೆ ಬಂದದ್ದೇ? ನಲವತ್ತು ದಾಟಿದ ಅವಳ ಮೊಟ್ಟೆಗಳಲ್ಲಿ ಸತ್ವವಿರಲಿಲ್ಲ. ಹೆಸರೂ ಗೊತ್ತಿಲ್ಲದ ಯಾರೋ ಹುಡುಗಿ ಕೊಟ್ಟ ಮೊಟ್ಟೆಗೆ ಗಂಡ ಗುರುಪ್ರಕಾಶನ ವೀರ್ಯ ಸೇರಿಸಿ, ಭ್ರೂಣ ಮಾಡಿ ಒಳಗಿಟ್ಟಿದ್ದರು. "ಅರ್ಧಕ್ಕರ್ಧ ಜನಕ್ಕೆ ನಿಲ್ಲುತ್ತೆ. ನಿಂತ ಮೇಲೂ ಜಾರಬಹುದು, ನಿಮ್ಮ ವಯಸ್ಸಿಗೆ ಬಿಪಿ ಏರಬಹುದು," ಎಂದಿದ್ದರು ಡಾಕ್ಟರು. ಇಂಥದ್ದನ್ನೆಲ್ಲ ಅತ್ತೆ ಶಂಕರಮ್ಮನ ಮುಂದೆ ಹೇಳುವ ಎದೆಗಾರಿಕೆ ಗಂಡ ಹೆಂಡಿರಿಬ್ಬರಿಗೂ ಇರಲಿಲ್ಲ.

"ಕೋಮಲಾ! ಎಲ್ಲೋದ್ಯವ್ವ? ಉಳ ಸೊಪ್ಪಿಲ್ದೆ ಬಾಯಿ ಬಿಡ್ತಾವೆ, ಬಾ!" ರೇಷ್ಮೆಹುಳದ ಮನೆಯಿಂದ ಅತ್ತೆಯ ಕೂಗು.

ಅತ್ತ ದರಿ, ಇತ್ತ ಪುಲಿ. ಮುಟ್ಟಾದವಳು ರೇಷ್ಮೆಹುಳದ ಮನೆ ತುಳಿಯಬಾರದು, ಅವಳನ್ನು ಮುಟ್ಟಿದವರೂ ಒಳಗೆ ಕಾಲಿಡಬಾರದು, ಇಟ್ಟರೆ ಬೆಳೆಯೇ ಹೋಗುತ್ತದೆ ಎಂಬುದು ಆ ಮನೆಯ ಕಟ್ಟಳೆ. ಹುಳ ಗೂಡು ಕಟ್ಟಲು ಇನ್ನು ಎರಡು ಮೂರೇ ದಿನ ಬೇರೆ. ಒಳಗೆ ಹೋದರೆ ಪಾಪದ ಹೆದರಿಕೆ. ಹೋಗದಿದ್ದರೆ ಮುಟ್ಟಾದೆ ಎಂದು ಒಪ್ಪಿಕೊಂಡಂತೆ. ಹಾಗೆ ಒಪ್ಪಿಕೊಂಡರೆ ಹೊಟ್ಟೆಯಲ್ಲಿರುವುದು ನಿಜವಾಗಿಯೂ ಹೋಗಿಬಿಡುತ್ತದೇನೋ ಎಂಬ ಹುಚ್ಚು ಭಯ. ಹೊಸ್ತಿಲ ತನಕ ಬಂದು ಒಳಗೆ ಕಾಲಿಡದೆ ನಿಂತವಳನ್ನು ಅತ್ತೆ ಒಳಗಿನಿಂದ ನೋಡಿದಳು.

"ಯಾಕ್ ಮಗ, ಮುಟ್ಟಾದ್ಯಾ?"

"ಇಲ್ಲ ಅತ್ತೆ. ಬಸುರಿ. ರಕ್ತ ಓಯ್ತಾ ಅದೆ." ಬಾಯಿ ಬಿಟ್ಟ ಮೇಲೆ ತಡೆಯಲಾಗಲಿಲ್ಲ. "ಮೊಟ್ಟೆ ನಂದಲ್ಲ ಅತ್ತೆ, ಬ್ಯಾರೆಯವ್ರುದು. ಮೈಸೂರಲ್ಲಿ ಇಕ್ಕಿಸ್ಕಂಡೊ. ನಿಮ್ಗೆ ಏಳಕ್ಕೆ ಎದ್ರಿಕೆ ಆಯ್ತು."

ಶಂಕರಮ್ಮ ಸೊಪ್ಪಿನ ಮಂಕರಿ ಹಿಡಿದೇ ನಿಂತಳು. ಇನ್ನು ಬೈಗುಳದ ಸುರಿಮಳೆಯೇ ಎಂದು ಕೋಮಲ ಕಣ್ಣು ಮುಚ್ಚಿದಳು. ಮಂಕರಿ ದೊಪ್ಪನೆ ನೆಲಕ್ಕೆ ಬಿತ್ತು. ಅತ್ತೆಯ ಒದ್ದೆ ಕೈ ಅವಳ ಮುಂಗೈಯನ್ನು ಗಟ್ಟಿಯಾಗಿ ಹಿಡಿಯಿತು.

"ಮುಟ್ಬ್ಯಾಡಿ ಅತ್ತೆ, ಉಳ..."

"ಉಳ ಆಳಾಗೋಗ್ಲಿ! ಬೆಳೆ ಇನ್ನೊಂದ್ ಬತ್ತದೆ. ಲೇ ಗುರು, ಆಟೋ ಕರೀಲಾ!"

ಯಳಂದೂರು ದಾಟಿ ಕೊಳ್ಳೇಗಾಲದ ಸ್ಕ್ಯಾನಿಂಗ್ ಸೆಂಟರು ಮುಟ್ಟುವ ತನಕ ಶಂಕರಮ್ಮ ಆ ಕೈ ಬಿಡಲಿಲ್ಲ. ಒಳಗಿನಿಂದ ಕೋಮಲಳ ಹೆಸರು ಕರೆದಾಗ, ಊರಲ್ಲಿ ಯಾರಿಗೂ ಹೆದರದ ಆ ಹೆಂಗಸು ಸೊಸೆಯ ಕಿವಿಯ ಹತ್ತಿರ ಬಾಗಿದಳು.

"ಉಳೀತದಾ ಮಗ, ನಮ್ ಕೂಸು?"